ತೀರಿಹೋದ ಲೇಖಕರ ಪುಸ್ತಕದ ಬೀರು ಮತ್ತೆ ಕಟ್ಟೋದು ಹೇಗೆ

ಕೊಡಗಲ್ಲಿ ಹೋಗಿ ರೈಟರ್ ಮನೆ ಎಲ್ಲಿ ಅಂತ ಕೇಳಿದ್ರೆ ತೋಟದ ರೈಟರ್ ಮನೆ ತೋರಿಸ್ತಾರೆ, ಅಂದ್ರೆ ಆಳುಗಳ ಹಾಜರಿ ಬರೆಯೋರು. ನಾನೂ ಹಾಗೇ ಒಂದ್ಸಲ ಲೈನ್ ಮನೆ ದಾಟಿ ಅರ್ಧ ಮೈಲಿ ಹೋಗಿ ವಾಪಸ್ ಬಂದಿದ್ದೀನಿ. ಹುಡುಕ್ತಿದ್ದದ್ದು ಕಥೆ ಬರೆಯೋ ಒಬ್ಬರ ಮನೆ, ಅವರು ತೀರಿಹೋಗಿ ಸುಮಾರು ವರ್ಷ ಆಗಿತ್ತು, ಪುಸ್ತಕ ಅರ್ಧ ಗುಜರಿಗೆ ಹೋಗಿತ್ತು, ಉಳಿದದ್ದು ಅಟ್ಟದಲ್ಲಿ.

ಮೊದಲು ಒಂದು ಮಾತು. ಈ ಕೆಲಸದಲ್ಲಿ, ಅಂದ್ರೆ ತೀರಿಹೋದ ಲೇಖಕರ ಹತ್ರ ಯಾವ್ಯಾವ ಪುಸ್ತಕ ಇತ್ತು ಅಂತ ಹುಡುಕಿ ಜೋಡಿಸೋದ್ರಲ್ಲಿ, ಪುಸ್ತಕಕ್ಕಿಂತ ಪಟ್ಟಿ ಮುಖ್ಯ. ಅಮೆರಿಕದ ಅಧ್ಯಕ್ಷ ಆಗಿದ್ದ ಥಾಮಸ್ ಜೆಫರ್ಸನ್ 1815ರಲ್ಲಿ ತನ್ನ ಆರು ಸಾವಿರ ಚಿಲ್ಲರೆ ಪುಸ್ತಕ ಅಲ್ಲಿನ ಸಂಸತ್ತಿನ ಲೈಬ್ರರಿಗೆ ಮಾರಿದ, 1851ರಲ್ಲಿ ಬೆಂಕಿ ಬಿದ್ದು ಮೂರರಲ್ಲಿ ಎರಡು ಪಾಲು ಸುಟ್ಟುಹೋಯ್ತು, ಆದ್ರೂ ನೂರೈವತ್ತು ವರ್ಷ ಆದ್ಮೇಲೆ ಅದೇ ಮುದ್ರಣದ ಪ್ರತಿಗಳನ್ನ ಹುಡುಕಿ ಜೋಡಿಸೋಕೆ ಆಯ್ತು ಯಾಕಂದ್ರೆ ಪಟ್ಟಿ ಉಳಿದಿತ್ತು. ನಮ್ಮಲ್ಲಿ ಪಟ್ಟಿ ಬರೆದಿಟ್ಟವರು ಕಮ್ಮಿ, ನಾವೇ ಮಾಡ್ಬೇಕು.

ಶುರು ಮಾಡೋದು ಕಾಲದ ಗಡಿ ಹಾಕೋದ್ರಿಂದ. ಉದಾಹರಣೆಗೆ ಕಥೆಗಾರ್ತಿ ಕೊಡಗಿನ ಗೌರಮ್ಮ, ಹುಟ್ಟಿದ್ದು 1912, ತೀರಿಕೊಂಡದ್ದು 1939ರ ಏಪ್ರಿಲ್, ಇಪ್ಪತ್ತೇಳಕ್ಕೇ. ಅವರ ಬೀರು ಕಟ್ತೀವಿ ಅಂತ ಹೊರಟ್ರೆ ಅದರಾಚೆ ಅಚ್ಚಾದ ಒಂದು ಹಾಳೆಯೂ ಒಳಗೆ ಬರೋ ಹಾಗಿಲ್ಲ. ಆ ಗಡಿ ಒಳಗೆ ಏನೇನು ಸಿಗ್ತಿತ್ತು ಅಂತ ನೋಡಿ. ಧಾರವಾಡದ ಪ್ರಕಾಶನ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿತ್ತು, ಚಂದಾ ಕಟ್ಟಿದವರಿಗೆ ಪುಸ್ತಕ ಹೋಗ್ತಿತ್ತು. ಆದ್ರೆ ಸಿಗ್ತಿತ್ತು ಅಂದ್ರೆ ಇತ್ತು ಅಂತ ಅಲ್ಲ, ಜನ ಎಡವೋದು ಇಲ್ಲೇ.

ಆಮೇಲೆ ಮನೆಗೆ ಹೋಗೋದು. ಕಕ್ಕಡದ (ಜುಲೈ-ಆಗಸ್ಟಲ್ಲಿ ಬರೋ ಕೊಡಗಿನ ತಿಂಗಳು) ಮಳೇಲಿ ಹೋಗ್ಬೇಡಿ, ಅಟ್ಟದಿಂದ ಇಳಿಸಿದ ಪುಸ್ತಕ ಮತ್ತೆ ಒಣಗಲ್ಲ, ಕಾಫಿ ಕುಯ್ಯೋ ಟೈಮಲ್ಲಿ ಮನೆಯವರಿಗೆ ಪುರುಸೊತ್ತಿರಲ್ಲ. ಮಾರ್ಚ್ ಏಪ್ರಿಲ್ ಒಳ್ಳೇದು. ಹೋದ ತಕ್ಷಣ ಏನೂ ಮುಟ್ಟದೆ ಮೊಬೈಲಲ್ಲಿ ಪ್ರತಿ ಸಾಲಿನ ಫೋಟೋ ತೆಗೀರಿ, ಯಾವುದರ ಪಕ್ಕ ಯಾವುದಿತ್ತು ಅನ್ನೋದೂ ಸಾಕ್ಷಿ. ನಾನು ಮೊದಲ ಸಲ ಹುಮ್ಮಸ್ಸಲ್ಲಿ ಧೂಳು ಒರೆಸಿ ಎತ್ತರದ ಪ್ರಕಾರ ನೀಟಾಗಿ ಜೋಡಿಸಿಬಿಟ್ಟೆ, ಅವರು ಇಟ್ಟಿದ್ದ ಕ್ರಮ ಹೋಯ್ತು, ಇವತ್ತಿಗೂ ಅದು ನೆನೆಸಿಕೊಂಡ್ರೆ ಸಂಕಟ.

ಬೂಸ್ಟು ಹಿಡಿದದ್ದಿದ್ರೆ ಬೇರೆ ಇಡಿ, ಮಾಸ್ಕ್ ಹಾಕ್ಕೊಳ್ಳಿ, ನೆರಳಲ್ಲಿ ಗಾಳಿ ಆಡೋ ಕಡೆ ಒಣಗಿಸಿ ಆಮೇಲೆ ಮೆತ್ತನೆ ಬ್ರಶ್ಶಲ್ಲಿ ಹೊರಗಡೆ ಉದುರಿಸಿ. ಬಿಸಿಲಿಗೆ ಹಾಕಿದ್ರೆ ರಟ್ಟು ಸೊಟ್ಟ ಆಗುತ್ತೆ, ಒದ್ದೆ ಬಟ್ಟೆ ಬೇಡವೇ ಬೇಡ.

ಈಗ ಎಕ್ಸೆಲ್ ತೆರೀರಿ, ಮೂರು ಗುಂಪು. ಖಂಡಿತ ಇದ್ದದ್ದು, ಅಂದ್ರೆ ಸಹಿ, ಅವರ ಕೈಬರಹ, ‘ಪ್ರೀತಿಯಿಂದ’ ಅಂತ ಬರೆದುಕೊಟ್ಟ ಪುಟ, ಅವರ ಹೆಸರಿನ ವಿಪಿಪಿ (ದುಡ್ಡು ಕೊಟ್ಟು ಬಿಡಿಸಿಕೊಳ್ಳೋ ಅಂಚೆ) ಚೀಟಿ, ಇಂಥದ್ದಿರೋದು. ಎರಡನೇದು ಓದಿದ್ದು ಆದ್ರೆ ಸ್ವಂತದ್ದೋ ಲೈಬ್ರರಿಯದ್ದೋ ಎರವಲೋ ಗೊತ್ತಿಲ್ಲದ್ದು. ಮೂರನೇದು ‘ಇರಬಹುದು’ ಅನ್ನೋ ಬರೀ ಊಹೆಯದ್ದು. ಮೂರನೇದು ಯಾವಾಗಲೂ ಉಬ್ಬುತ್ತೆ, ಎಲ್ಲರಿಗೂ ತಮ್ಮ ಇಷ್ಟದ ಪುಸ್ತಕ ಅಲ್ಲಿರಬೇಕು ಅಂತ ಆಸೆ. ಒಳಗಿರೋ ಬಸ್ ಟಿಕೆಟ್ಟು, ಒಣಗಿದ ಕಾಫಿ ಹೂವು, ಔಷಧಿ ಚೀಟಿ ಎಸೀಬೇಡಿ, ಯಾವ ಪುಟದಲ್ಲಿತ್ತು ಅಂತ ಬರೆದು ಅಲ್ಲೇ ಫೋಟೋ ತೆಗೀರಿ.

ಮೊದಲ ಹಾಳೆ ಹರಿದುಹೋದ ಪುಸ್ತಕದ ವಯಸ್ಸು ಕಂಡುಹಿಡಿಯೋದು ನಂಗೆ ಬಹಳ ಇಷ್ಟದ ಕೆಲಸ. ಬೆಲೆ ಆಣೆಯಲ್ಲಿದ್ರೆ ಹೆಚ್ಚುಕಮ್ಮಿ 1957ರ ಹಿಂದಿನದ್ದು, ಆ ವರ್ಷ ಏಪ್ರಿಲಿಂದ ನಯಾ ಪೈಸೆ ಬಂತು. ಅಂಗಡಿ ಸೀಲಲ್ಲಿ ಆರಂಕಿ ಪಿನ್‌ಕೋಡ್ ಇದ್ರೆ ಆ ಸೀಲು ಹೊಡೆದದ್ದು 1972ರ ಆಗಸ್ಟಿನ ಮೇಲೆ. ವಿಳಾಸದಲ್ಲಿ ಮೈಸೂರು ರಾಜ್ಯ ಅಂತಿದ್ರೆ ಸಾಮಾನ್ಯವಾಗಿ 1973ಕ್ಕಿಂತ ಮುಂಚೆ. ಕೊಡಗು 1956ರ ನವೆಂಬರ್ ತನಕ ಬೇರೆ ರಾಜ್ಯ, ಹಳೇ ಸೀಲುಗಳಲ್ಲಿ ಮಡಿಕೇರಿ ‘ಮರ್ಕಾರ’ ಆಗಿರುತ್ತೆ. ಆದ್ರೆ ಅಂಗಡಿಯವರು ಹಳೇ ಸೀಲನ್ನ ಸವೆಯೋ ತನಕ ಹೊಡೀತಾರೆ, ಒಂದೇ ಗುರುತು ನಂಬ್ಕೊಂಡು ಕೂರಬೇಡಿ.

ಪುಸ್ತಕವೇ ಇಲ್ಲದಿದ್ರೆ? 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಜಾರಿದಾಗ ಮನೆಗಳೇ ಹೋದವು, ಪುಸ್ತಕದ ಲೆಕ್ಕ ಯಾರು ಇಡ್ತಾರೆ. ಆಗ ಕೇಳ್ಬೇಕಾದ್ದು ನೆಂಟರ ಮನೆಯ ಮದುವೆ ಆಲ್ಬಮ್ಮು, ನಿಜವಾಗ್ಲೂ! ಲೇಖಕರ ಮನೇಲಿ ತೆಗೆದ ಫೋಟೋ ಇದ್ರೆ ಸೋಫಾ ಹಿಂದೆ ಬೀರು ಇರುತ್ತೆ, ಸ್ಕ್ಯಾನ್ ಮಾಡಿ ಝೂಮ್ ಮಾಡಿದ್ರೆ ಪುಸ್ತಕದ ಬೆನ್ನಿನ ಹೆಸರು ಓದಬಹುದು. ಕಾಗದಪತ್ರ, ಡೈರಿ, ತೋಟದ ಖರ್ಚಿನ ಪುಸ್ತಕದಲ್ಲಿ ಪುಸ್ತಕದ ಅಂಗಡಿಗೆ ಕೊಟ್ಟ ದುಡ್ಡು, ಎರವಲು ತಗೊಂಡು ಕೊಡದೇ ಇದ್ದ ಗೆಳೆಯರು (ಇವರೇ ಹೆಚ್ಚು ಕಾಪಾಡಿರೋದು), ಎಲ್ಲಾ ಹುಡುಕಿ. ಲೇಖಕರು ತಮ್ಮ ಬರಹದಲ್ಲಿ ಎತ್ತಿಕೊಂಡ ಸಾಲುಗಳನ್ನೂ ಬೇರೆ ಬೇರೆ ಮುದ್ರಣದ ಜೊತೆ ಹೋಲಿಸಿ, ಒಂದು ಪದದ ವ್ಯತ್ಯಾಸದಲ್ಲಿ ಯಾವ ಮುದ್ರಣ ಅಂತ ಸಿಕ್ಕಿಬೀಳುತ್ತೆ.

ಕಳೆದುಹೋದದ್ದರ ಬದಲಿ ಪ್ರತಿ ಕೊಳ್ಳೋದು ಕೊನೇಗೆ. ಅದೇ ಮುದ್ರಣ ಸಿಗದಿದ್ರೆ ಇಂಟರ್ನೆಟ್ ಆರ್ಕೈವಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಬಹಳ ಇದೆ, ಲಿಂಕು ಪಟ್ಟಿಗೆ ಹಾಕಿದ್ರೂ ಸಾಕು. ಕೊಂಡ ಪ್ರತಿಯೊಳಗೆ ಪೆನ್ಸಿಲಲ್ಲಿ ‘ಬದಲಿ ಪ್ರತಿ’ ಅಂತ ಬರೀರಿ, ಇಲ್ಲಾಂದ್ರೆ ಹತ್ತು ವರ್ಷ ಆದ್ಮೇಲೆ ಅದೇ ಅವರು ಓದಿದ ಪ್ರತಿ ಆಗಿಬಿಡುತ್ತೆ.

ಇನ್ನು ಮನೆಯವರ ಮುಜುಗರ. ನಾನು ಹೇಳಿದ ಆ ಲೇಖಕರ ಸೊಸೆ ಒಂದು ಗೋಣಿಚೀಲ ಸ್ಟೋರ್ ರೂಮಲ್ಲಿ ಬಚ್ಚಿಟ್ಟಿದ್ರು, ಒಳಗೆ ಬರೀ ಪತ್ತೇದಾರಿ ಕಾದಂಬರಿ. “ಅದೆಲ್ಲ ಪಟ್ಟಿಗೆ ಹಾಕ್ಬೇಡಿ ಮಾರಾಯ್ರೆ, ಮಾವ ಎಂಥ ದೊಡ್ಡ ಮನುಷ್ಯ, ಜನ ಎಂಥ ಹೇಳ್ತಾರೆ” ಅಂದ್ರು. ಕಾಫಿ ಕುಡೀತಾ ಒಂದು ತೆಗೆದು ನೋಡಿದ್ರೆ ನಲವತ್ತನೇ ಪುಟದ ಅಂಚಲ್ಲಿ ಅವರದ್ದೇ ಅಕ್ಷರ, “ಅಡುಗೆಯವನೇ”. ತೊಂಬತ್ತನೇ ಪುಟದಲ್ಲಿ “ಅಲ್ಲ, ಡಾಕ್ಟ್ರು”. ಸೊಸೆ ಓದಿ ನಕ್ಕು, ಹಾಗಾದ್ರೆ ಕೊಂದದ್ದು ಯಾರು ಅಂತ ಕೇಳಿದ್ರು, ಕೊನೇ ಹಾಳೆ ಗೆದ್ದಲು ತಿಂದಿತ್ತು. ಖಂಡಿತ ಇದ್ದದ್ದು ಗುಂಪಲ್ಲಿ ಹಾಕಿದೆ, ಗೋಣಿಚೀಲದ್ದು ಎಲ್ಲಾ ಸೇರಿ ಮೂವತ್ತೊಂದು.