ಎಲ್‌ಎಲ್‌ಬಿ ಅಂದರೆ ಸೆಕ್ಷನ್ ಬಾಯಿಪಾಠ ಅಂದುಕೊಂಡಿದ್ದೆ

ನಾನು ಕಾನೂನು ಓದಲು ಹೋಗಿದ್ದು ಒಂದು ಚೆಕ್ಕಿನ ದೆಸೆಯಿಂದ. ಬಿಕಾಂ ಮುಗಿಸಿ ಹಾವೇರಿ ಕಡೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದೆ. ಸಾಲಗಾರರೊಬ್ಬರು ಕೊಟ್ಟ ಎರಡು ಲಕ್ಷದ ಚೆಕ್ ಬೌನ್ಸ್ ಆಯಿತು. ಇಂಥದ್ದಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಇದೆ. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಅದು ಮುಟ್ಟಿದ ಮೇಲೆ ದುಡ್ಡು ಕಟ್ಟಲು 15 ದಿನ ಬಿಡಬೇಕು, ಆಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ, ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ ಅನ್ನಿ. ಚೆಕ್ ವಾಪಸ್ ಆಯಿತು ಅಂತ ಬ್ಯಾಂಕ್ ಕೊಟ್ಟ ಮೆಮೊ ಕಪಾಟಿನಲ್ಲಿತ್ತು, ಕಾರ್ಯದರ್ಶಿ ಮಗಳ ಮದುವೆ ಓಡಾಟದಲ್ಲಿದ್ದರು, ವಕೀಲರ ಹತ್ತಿರ ಹೋಗಿದ್ದು 34ನೇ ದಿನ. ಅವರು ಮೆಮೊ ಮೇಲಿನ ತಾರೀಖು ನೋಡಿದರು, ಬೆರಳು ಮಡಚಿ ಎಣಿಸಿದರು. "ನೋಟಿಸ್ ಬೇಕಾದ್ರ ಇವತ್ತ ಕಳಸ್ತೀನಿ, ಆದ್ರ ಕೇಸ್ ನಿಲ್ಲಂಗಿಲ್ಲ. ನಾಕ ದಿನ ತಡ ಆತಲ್ಲವಾ" ಅಂದರು. ಚೆಕ್ಕನ್ನು ಇನ್ನೊಮ್ಮೆ ಬ್ಯಾಂಕಿಗೆ ಹಾಕೋಣ ಅಂದರೆ ಅದರ ಮೂರು ತಿಂಗಳ ಅವಧಿಯೂ ಮುಗಿದಿತ್ತು. ನೋಟಿಸ್ ಹೋಯಿತು, ದುಡ್ಡು ಬರಲಿಲ್ಲ, ಕೇಸ್ ಹಾಕುವ ಯೋಚನೆ ಬಿಟ್ಟರು. ಸಾಲ ವಸೂಲಿಗೆ ಬೇರೆ ದಾರಿ ಇತ್ತು, ಆದರೆ ಈ ಬಾಗಿಲು ಮುಚ್ಚಿತು.

ಆಮೇಲೆ, 2021ರ ಕೊನೆಯಲ್ಲಿ, ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದೆ. ನನಗೆ 27. ಪಿಯುಸಿ ಆದವರಿಗೆ ಐದು ವರ್ಷದ ಕೋರ್ಸು, ಡಿಗ್ರಿ ಆದವರಿಗೆ ಮೂರು. ನನ್ನ ಕ್ಲಾಸಿನಲ್ಲಿ ನನಗಿಂತ ದೊಡ್ಡವರೇ ಜಾಸ್ತಿ ಇದ್ದರು: ಇಬ್ಬರು ಮೇಷ್ಟ್ರು, ಒಬ್ಬರು ರಿಟೈರ್ಡ್ ತಹಸೀಲ್ದಾರರು, ಗಂಡನ ಮೇಲೆ ಜೀವನಾಂಶದ ಕೇಸು ಹಾಕಿ ತಾನೇ ನಡೆಸಬೇಕು ಅಂತ ಬಂದಿದ್ದ ಒಬ್ಬ ಹೆಂಗಸು. ನಮ್ಮ ಕಾಲೇಜು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿದೆ. ರಾಜ್ಯದ ಬಹುಪಾಲು ಲಾ ಕಾಲೇಜುಗಳೂ ಅದರ ಅಡಿಯಲ್ಲೇ ಇವೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಲೋಕವೇ ಬೇರೆ, ಅದರ ಬಗ್ಗೆ ಹೇಳಲು ನನಗೆ ಅಧಿಕಾರ ಇಲ್ಲ.

ಕಾಂಟ್ರ್ಯಾಕ್ಟ್ ಕ್ಲಾಸಿನ ಮೊದಲ ವಾರ. ಮೇಷ್ಟ್ರು ಕೇಳಿದರು: 16 ವರ್ಷದ ಹುಡುಗ ಮನೆ ಅಡ ಇಟ್ಟು ಸಾಲ ತಗೊಂಡ, ಆ ಕರಾರು ಏನಾಗುತ್ತೆ? ಹಿಂದಿನ ಬೆಂಚಿನಿಂದ "ವಾಯ್ಡ್ ಸಾರ್" ಅಂತ ಉತ್ತರ ಬಂತು, ಅಂದರೆ ಆ ಕರಾರು ಶೂನ್ಯ. "ಎಲ್ಲಿ ಬರೆದಿದೆ? ತೋರಿಸು" ಅಂದರು. ಎಲ್ಲರೂ ಬೇರ್ ಆಕ್ಟ್ ತೆಗೆದೆವು. ಗೈಡ್ ಅಲ್ಲ, ಟಿಪ್ಪಣಿ ಅಲ್ಲ, ಬರೀ ಕಾಯ್ದೆ ಇರುವ ಆ ತೆಳ್ಳನೆ ಪುಸ್ತಕ. 11ನೇ ಸೆಕ್ಷನ್ ಓದಿದೆವು. ವಯಸ್ಸಿನ ಬಗ್ಗೆ ಅಲ್ಲಿರುವುದು, ವಯಸ್ಕನಾದವನು ಕರಾರು ಮಾಡಲು ಅರ್ಹ ಅಂತ, ಅಷ್ಟೇ. ವಯಸ್ಸಾಗದವನು ಮಾಡಿದರೆ ಏನು ಅಂತ ಇಲ್ಲ. ಶೂನ್ಯ ಅನ್ನುವ ಪದವೇ ಅಲ್ಲಿಲ್ಲ. ಇಪ್ಪತ್ತು ನಿಮಿಷ ಹುಡುಕಿದೆವು, ಅವರು ಸುಮ್ನೆ ಕಿಟಕಿ ಹತ್ತಿರ ನಿಂತಿದ್ದರು. ಆಮೇಲೆ 10ನೇ ಸೆಕ್ಷನ್ ಓದಿಸಿದರು: ಒಪ್ಪಂದ ಕರಾರು ಆಗಬೇಕಾದರೆ ಎರಡೂ ಕಡೆಯವರು ಅರ್ಹರಿರಬೇಕು. ಆಮೇಲೆ 2ನೇ ಸೆಕ್ಷನ್ನಿನ ವ್ಯಾಖ್ಯೆಗಳು. ಇವನ್ನೆಲ್ಲ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಉತ್ತರ ಬರುತ್ತದೆ. ಕಾಯ್ದೆ ಬಂದಿದ್ದು 1872ರಲ್ಲಿ, ಮೋಹರಿ ಬೀಬಿ ಕೇಸಿನಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ಹೀಗೆ ಓದಿ ತೋರಿಸಿದ್ದು 1903ರಲ್ಲಿ. ನಡುವಿನ 30 ವರ್ಷ ಹೈಕೋರ್ಟುಗಳಿಗೇ ಇದರಲ್ಲಿ ಗೊಂದಲ ಇತ್ತು ಅಂದ ಮೇಲೆ ನಮ್ಮ ಇಪ್ಪತ್ತು ನಿಮಿಷ ಏನೂ ಅಲ್ಲ ಬಿಡಿ.

ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಂದು ವಿಷಯ ಹೊಳೆಯಿತು. ಈ ಓದು ಬಾಯಿಪಾಠದ್ದಲ್ಲ, ನಿಧಾನಕ್ಕೆ ಓದುವವರದ್ದು. ಬಾಯಿಪಾಠ ಬೇಡವೇ ಬೇಡ ಅಂತಲ್ಲ, ಪರೀಕ್ಷೆಯಲ್ಲಿ ಬೇಕು. ಆದರೆ 'ಮೇ' ಅಂದಿದೆಯೋ 'ಶಲ್' ಅಂದಿದೆಯೋ, 'ಅಂಡ್' ಇದೆಯೋ 'ಆರ್' ಇದೆಯೋ, ಕೆಳಗೆ ಪ್ರೊವೈಸೊ ಅನ್ನುವ ಷರತ್ತಿನ ಬಾಲ ಇದೆಯೋ ಅನ್ನುವುದನ್ನು ಪೆನ್ಸಿಲ್ ಹಿಡಿದು ನೋಡಿದವರಿಗೆ ಮಾತ್ರ ಸೆಕ್ಷನ್ ಒಲಿಯುತ್ತದೆ. ನನ್ನ ಕಾಂಟ್ರ್ಯಾಕ್ಟ್ ಆಕ್ಟ್ ಈಗ ನೋಡಿದರೆ ಪುಟದ ಅಂಚಿನಲ್ಲಿ ಖಾಲಿ ಜಾಗ ಇಲ್ಲ.

ಭಾಷೆಯದ್ದು ದೊಡ್ಡ ಪೇಚಾಟ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಇರುತ್ತದೆ, ಉತ್ತರ ಕನ್ನಡದಲ್ಲಿ ಬರೆಯಬಹುದು, ನಾನು ಬರೆದೆ ಕೂಡ. ತೊಂದರೆ ಪುಸ್ತಕದ ಕನ್ನಡದ್ದು. 'ವಾಯ್ಡ್' ಅಂದರೆ ಶೂನ್ಯ, ಸರಿ. 'ವಾಯ್ಡಬಲ್', ಅಂದರೆ ಬೇಕಾದರೆ ರದ್ದು ಮಾಡಬಹುದಾದದ್ದು, ಪುಸ್ತಕದಲ್ಲಿ ಶೂನ್ಯೀಕರಣೀಯ. ಇದನ್ನು ಮೂರು ಗಂಟೆಯಲ್ಲಿ ಮೂವತ್ತು ಸಲ ಬರೆಯಬೇಕು ಅಂದರೆ ಕೈ ಏನಾಗಬೇಡ? ಎರಡನೇ ಸೆಮಿಸ್ಟರಿನಿಂದ ವಾಯ್ಡಬಲ್ ಅಂತ ಕನ್ನಡ ಅಕ್ಷರದಲ್ಲೇ ಬರೆದೆ, ಯಾರೂ ಅಂಕ ಕಳೆಯಲಿಲ್ಲ. ಮಜಾ ಏನಂದರೆ ಕೋರ್ಟಿನ ಒಳಗಿನ ಕನ್ನಡ ಈ ಪುಸ್ತಕದ್ದಲ್ಲ. ಅಲ್ಲಿರುವುದು ದಾವೆ, ಫಿರ್ಯಾದಿ, ತಕರಾರು, ಜಪ್ತಿ, ಜಾಮೀನು, ಮುಚ್ಚಳಿಕೆ, ವಕಾಲತ್ತು. ಇವೆಲ್ಲ ನಮ್ಮ ಅಜ್ಜಿಗೆ ಗೊತ್ತು. ಶಾಲೆ ಮೆಟ್ಟಿಲು ಹತ್ತದ ಅಜ್ಜಿ ಒಂದು ದಿನ ನನ್ನ ನೋಟ್ಸ್ ಕೇಳಿಸಿಕೊಂಡು "ಎದುರಿನವರು ತಕರಾರ ಹಾಕ್ಯಾರೇನ?" ಅಂತ ಕೇಳಿದಳು. ಹನ್ನೊಂದು ವರ್ಷ ಬದುವಿನ ವ್ಯಾಜ್ಯಕ್ಕೆ ಕೋರ್ಟು ಅಲೆದವಳು ಅವಳು.

ಮೊದಲ ಸೆಮಿಸ್ಟರಿನಲ್ಲಿ ಟಾರ್ಟ್ಸ್ ಪೇಪರ್ ಹೋಯಿತು, ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಆದ ಹಾನಿಗೆ ಪರಿಹಾರ ಕೊಡಿಸುವ ಕಾನೂನಿನದ್ದು. ಫೇಲ್. 1932ರ ಡೊನೊಹ್ಯೂ ಕೇಸಿನಲ್ಲಿ ಜಿಂಜರ್ ಬಿಯರ್ ಬಾಟಲಿಯಿಂದ ಕೊಳೆತ ಬಸವನಹುಳು ಬಂದ ಕಥೆಯನ್ನು ಎರಡು ಪುಟ ಚೆನ್ನಾಗಿ ಬರೆದಿದ್ದೆ. ಕಥೆ ಯಾರಿಗೆ ಬೇಕು? ಕೇಳಿದ್ದು ಬೇರೆ: ಬಾಟಲಿ ಕೊಂಡವಳು ಅದನ್ನು ಕುಡಿದ ಡೊನೊಹ್ಯೂ ಅಲ್ಲ, ಅವಳ ಗೆಳತಿ. ಹಾಗಿದ್ದ ಮೇಲೆ ಕುಡಿದವಳಿಗೂ ತಯಾರಕನಿಗೂ ಏನು ಸಂಬಂಧ? ಆ ಪ್ರಶ್ನೆ ನನ್ನ ಉತ್ತರದಲ್ಲಿ ಎಲ್ಲೂ ಇರಲಿಲ್ಲ. ಸೀನಿಯರ್ ಒಬ್ಬಳು ನನ್ನ ಉತ್ತರವನ್ನು ಬಾಯಲ್ಲಿ ಹೇಳಿಸಿ ಅಲ್ಲೇ ತಪ್ಪು ಹಿಡಿದಳು. ಒಂದು ಘಟನೆ ಕೊಟ್ಟು ಕೇಳುವ ಪ್ರಾಬ್ಲಮ್ ಪ್ರಶ್ನೆ ಬಂದರೆ ಮೊದಲು ಜಗಳ ಯಾವುದರ ಮೇಲೆ ಅಂತ ಒಂದೇ ಸಾಲಿನಲ್ಲಿ ಬರಿ, ಆಮೇಲೆ ಸೆಕ್ಷನ್ ಅಥವಾ ತತ್ವ, ಆಮೇಲೆ ಕೇಸ್, ಕೊನೆಗೆ ಇಲ್ಲಿನ ಸಂಗತಿಗೆ ಅದು ಹೇಗೆ ತಾಗುತ್ತದೆ. ಆ ಕೊನೆಯದನ್ನು ಬರೆಯದೆ ಬಿಡುವವರೇ ಜಾಸ್ತಿ, ಅಂಕ ಇರುವುದೂ ಅಲ್ಲೇ. 80 ಅಂಕದ ಪೇಪರ್, ಮೂರು ಗಂಟೆ, ಉಳಿದ 20 ಇಂಟರ್ನಲ್. ಮೂರು ಗಂಟೆ ನಿಲ್ಲಿಸದೆ ಬರೆಯುವುದಕ್ಕೇ ಅಭ್ಯಾಸ ಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಾನು ಭಾನುವಾರ ಅಡುಗೆಮನೆ ಕಟ್ಟೆ ಮೇಲೆ ಗಡಿಯಾರ ಇಟ್ಟುಕೊಂಡು ಬರೆಯುತ್ತಿದ್ದೆ.

ಸಂವಿಧಾನದ ಪೇಪರ್ ಮಾತ್ರ ಖುಷಿ ಕೊಟ್ಟಿತು. ದೊಡ್ಡ ದೊಡ್ಡ ಕೇಸುಗಳಲ್ಲಿ ನಮ್ಮ ಕಡೆಯ ಹೆಸರುಗಳೇ. ಕೇಶವಾನಂದ ಭಾರತಿ ಅಂದರೆ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾಗಿದ್ದವರು, ಯಕ್ಷಗಾನದ ಪ್ರೇಮಿ. ಮಠದ ಜಮೀನಿನ ತಕರಾರು ಹಿಡಿದು ಹೋದ ಅರ್ಜಿ 13 ನ್ಯಾಯಮೂರ್ತಿಗಳ ಮುಂದೆ 68 ದಿನ ನಡೆದು, 1973ರಲ್ಲಿ 7-6ರ ಅಂತರದಲ್ಲಿ ಮೂಲ ಸ್ವರೂಪದ ತತ್ವ ಕೊಟ್ಟಿತು: ತಿದ್ದುಪಡಿ ಮಾಡಿ ಸಂವಿಧಾನದ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ. ಎಸ್.ಆರ್. ಬೊಮ್ಮಾಯಿ ಕೇಸು, 1989ರಲ್ಲಿ ಅವರ ಸರ್ಕಾರ ವಜಾ ಆಗಿದ್ದು, 1994ರ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಹೇಳಿಸಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ದವರು. ನಿಜ ಹೇಳಬೇಕೆಂದರೆ ಕೇಶವಾನಂದ ತೀರ್ಪನ್ನು ನಾನು ಪೂರ್ತಿ ಓದಿಲ್ಲ. ನೂರಾರು ಪುಟ. ತಕ್ಕಡಿ ಆ ಕಡೆಗೆ ವಾಲಿದ್ದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ಅಭಿಪ್ರಾಯದಿಂದ ಅಂತ ಮೇಷ್ಟ್ರು ಹೇಳಿದ್ದರು, ಅದರಲ್ಲೂ ಒಂದು ಭಾಗ ಮಾತ್ರ ಓದಿದೆ. ಪೂರ್ತಿ ಓದಿದೆ ಅನ್ನುವ ವಿದ್ಯಾರ್ಥಿಯನ್ನು ನಾನಂತೂ ನೋಡಿಲ್ಲ.

ಕುಟುಂಬ ಕಾನೂನು ಓದುವಾಗ ಮನೆಯಲ್ಲಿ ಗಾಳಿ ಬದಲಾಯಿತು. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಕರ್ನಾಟಕ ಕೇಂದ್ರಕ್ಕಿಂತ ಮುಂದಿತ್ತು. 1994ರ ಜುಲೈ 30ರಿಂದಲೇ ಇಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಬಂತು, ಆದರೆ ಆ ದಿನಕ್ಕೆ ಮೊದಲೇ ಮದುವೆ ಆದವರಿಗೆ ಇಲ್ಲ. ನಮ್ಮ ಅವ್ವನ ಮದುವೆ 1992ರಲ್ಲಿ. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು, ಮದುವೆ ಆಗಿರಲಿ ಬಿಡಲಿ ಪಾಲಿದೆ. 2005ಕ್ಕೆ ಮೊದಲೇ ಅಪ್ಪ ತೀರಿಹೋಗಿದ್ದರೆ? ಆದರೂ ಇದೆ ಅಂತ ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಕೇಸಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಪಾಲಾಗಿದ್ದರೆ ಅದನ್ನು ಕೆದಕುವ ಹಾಗಿಲ್ಲ. ಇದನ್ನೆಲ್ಲ ನಾನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು, ಕೈ ನಿಂತಿತು. "ಹಂಗಾದ್ರ ನನಗೂ ಬರತೈತೇನ?" ಅಂದಳು. ಬರುತ್ತೆ ಅಂದೆ. ಮತ್ತೆ ರೊಟ್ಟಿ ತಟ್ಟತೊಡಗಿದಳು. ಎರಡು ವಾರಕ್ಕೆ ಸೋದರಮಾವನ ಫೋನ್ ಬಂತು. "ಏನವಾ, ಕಾಯ್ದೆ ಬಾಳ ಓದಾಕತ್ತೀಯಂತ?" ದಾವೆ ಏನೂ ಆಗಲಿಲ್ಲ, ಅವ್ವನಿಗೆ ಬೇಕಾಗಿರಲಿಲ್ಲ. ಆದರೆ ಆ ದೀಪಾವಳಿಗೆ ಮಾವ ತಾನೇ ಬಂದು ಅವ್ವನಿಗೆ ಸೀರೆ ಕೊಟ್ಟು ಹೋದ, ಎಷ್ಟೋ ವರ್ಷದ ಮೇಲೆ. ಕಾನೂನು ಓದುತ್ತೀರಿ ಅಂದರೆ ನೆಂಟರು ಇನ್ನು ಮೊದಲಿನ ಹಾಗೆ ಮಾತಾಡುವುದಿಲ್ಲ, ಇದಕ್ಕೆ ತಯಾರಿರಿ.

ಮೂರನೇ ವರ್ಷ ಕಾಯ್ದೆಗೆ ಅರ್ಥ ಹಚ್ಚುವ ನಿಯಮಗಳದ್ದೇ ಒಂದು ಪೇಪರ್ ಇತ್ತು. ಎಲ್ಲರೂ ಬೇಜಾರು ಅನ್ನುವ ಪೇಪರ್. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 9ನೇ ಸೆಕ್ಷನ್ ಬಂದಾಗ ನಾನು ನೆಟ್ಟಗೆ ಕೂತೆ. ದಿನ ಎಣಿಸುವಾಗ ಮೊದಲ ದಿನ ಬಿಟ್ಟು ಎಣಿಸಬೇಕು ಅನ್ನುವುದರ ಬೇರು ಅಲ್ಲಿದೆ. ಮನೆಗೆ ಬಂದು ಚೆಕ್ಕಿನ ಆ 138ನೇ ಸೆಕ್ಷನ್ ತೆಗೆದೆ. 30 ದಿನ ಯಾವಾಗಿನಿಂದ? ಮೆಮೊ ಮೇಲಿನ ತಾರೀಖಿನಿಂದ ಅಂತ ಅಲ್ಲಿಲ್ಲ. ಬ್ಯಾಂಕಿನಿಂದ ಮಾಹಿತಿ ಕೈಸೇರಿದಾಗಿನಿಂದ ಅಂತ ಇದೆ. ಮರುದಿನ ಹಳೇ ಆಫೀಸಿಗೆ ಹೋಗಿ, ಬಂದ ಕಾಗದ ಬರೆದಿಡುವ ಇನ್‌ವರ್ಡ್ ರಿಜಿಸ್ಟರ್ ತೆಗೆಸಿದೆ. ಮೆಮೊ ನಮ್ಮ ಕೈಗೆ ಬಂದಿದ್ದು ಅದರ ಮೇಲಿನ ತಾರೀಖಿನ ಮೂರು ದಿನದ ನಂತರ. ಎಂಟ್ರಿ ನನ್ನದೇ ಅಕ್ಷರ. 34ರಲ್ಲಿ ಮೂರು ಕಳೆದರೆ 31. ಮೊದಲ ದಿನ ಬಿಟ್ಟರೆ 30. ನೋಟಿಸ್ ತಡವಾಗಿರಲೇ ಇಲ್ಲ. ವಕೀಲರನ್ನು ದೂರಲಾರೆ, ಅವರ ಮುಂದೆ ನಾವು ಇಟ್ಟಿದ್ದು ಮೆಮೊ ಒಂದೇ. ರಿಜಿಸ್ಟರ್ ನನ್ನ ಟೇಬಲ್ ಮೇಲೇ ಇತ್ತು. ಕೋರ್ಟಿಗೆ ಹೋಗುವ ಅವಧಿ ಅಷ್ಟರಲ್ಲಿ ಎಂದೋ ಮುಗಿದಿತ್ತು.

ಕೋರ್ಟಿನ ಕೆಲಸವನ್ನು ಕಾಲೇಜು ಕಲಿಸುವುದಿಲ್ಲ. ಅಣಕು ನ್ಯಾಯಾಲಯ ಇದೆ, ಡ್ರಾಫ್ಟಿಂಗ್ ಇದೆ, ಆದರೆ ಬಹಳ ಕಡೆ ಅದು ರೆಕಾರ್ಡ್ ಬರೆಯುವುದಕ್ಕೆ ಮುಗಿಯುತ್ತದೆ. ಮೂರು ವರ್ಷದ ಕೋರ್ಸಿಗೆ 12 ವಾರ ಇಂಟರ್ನ್‌ಶಿಪ್ ಕಡ್ಡಾಯ, ಸರ್ಟಿಫಿಕೇಟ್ ಮಾತ್ರ ತರುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಒಬ್ಬ ಸಿವಿಲ್ ವಕೀಲರ ಹಿಂದೆ ಬ್ಯಾಗು ಹಿಡಿದು ತಿರುಗಿದೆ. ಆರ್ಡರ್ ಶೀಟ್ ನೋಡಿ ಮುಂದಿನ ತಾರೀಖು ಬರೆದುಕೊಳ್ಳುವುದು, ನಕಲು ಅರ್ಜಿ ಹಾಕುವುದು, ಫೈಲಿಗೆ ದಾರ ಪೋಣಿಸುವುದು, ಪಹಣಿಯಲ್ಲಿ 11ನೇ ಕಲಂ ನೋಡದೆ ಜಮೀನಿನ ಬಗ್ಗೆ ಬಾಯಿ ಬಿಡಬಾರದು ಅನ್ನುವುದು. ಸಾಲ, ಋಣ ಎಲ್ಲ ಕೂತಿರುವುದು ಆ ಕಲಮಿನಲ್ಲೇ.

ನಾನು ಮುಗಿಸಿದ ವರ್ಷವೇ, 2024ರ ಜುಲೈ 1ಕ್ಕೆ, ಐಪಿಸಿ, ಅಂದರೆ ಹಳೇ ಭಾರತೀಯ ದಂಡ ಸಂಹಿತೆ, ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 420 ಈಗ 318(4), 302 ಈಗ 103. 511 ಸೆಕ್ಷನ್ ಕಲಿತ ತಲೆಯಲ್ಲಿ 358 ತುಂಬಿಸುವುದು. ಬಾಯಿಪಾಠ ಮಾಡಿದವರು ಅತ್ತರು. ಹಳೇ ಅಪರಾಧಕ್ಕೆ ಹಳೇ ಕಾಯ್ದೆಯೇ ಆದ್ದರಿಂದ ಎರಡೂ ಪುಸ್ತಕ ಇನ್ನೂ ಬ್ಯಾಗಿನಲ್ಲಿ ಇರಬೇಕು. ಆಮೇಲೆ ಬಾರ್ ಕೌನ್ಸಿಲ್ ನೋಂದಣಿ, ಅಖಿಲ ಭಾರತ ಬಾರ್ ಪರೀಕ್ಷೆ. 100 ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು, ಬೇರ್ ಆಕ್ಟ್ ಒಳಗೆ ಒಯ್ಯಬಹುದು. ಆದರೆ ಗೀಚಿದ್ದು ನಡೆಯುವುದಿಲ್ಲ. ನನ್ನ ಪ್ರೀತಿಯ ಪೆನ್ಸಿಲ್ ಪುಸ್ತಕಗಳನ್ನು ಮನೆಯಲ್ಲಿಟ್ಟು ಹೊಸ ಸೆಟ್ ಕೊಂಡೆ.

ದುಡ್ಡಿನ ಮಾತು. ಜೂನಿಯರ್‌ಗಳಿಗೆ ಪಟ್ಟಣದಲ್ಲಿ 20,000, ಹಳ್ಳಿ ಕಡೆ 15,000 ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಶಿಫಾರಸು ಅಷ್ಟೇ. ನನಗೆ ಮೊದಲ ಆರು ತಿಂಗಳು ಸಿಕ್ಕಿದ್ದು ಪೆಟ್ರೋಲಿಗೆ ಸಾಕು, ಊಟಕ್ಕೆ ಅವ್ವನ ಡಬ್ಬಿ.

ಮೊದಲ ಸಲ ಎದ್ದು ನಿಂತಿದ್ದು ಒಂದು ಆಸ್ತಿ ವಿಭಾಗದ ದಾವೆಯಲ್ಲಿ. ಸೀನಿಯರ್ ಬೇರೆ ಕೋರ್ಟಿನಲ್ಲಿದ್ದರು, "ಟೈಮ್ ಕೇಳು, ಅಷ್ಟು ಸಾಕು" ಅಂದಿದ್ದರು. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪರೀಕ್ಷೆಯಲ್ಲಿ ಅದರ 17ನೇ ಆರ್ಡರ್ ಅನ್ನುವ ಭಾಗದ ಬಗ್ಗೆ ಒಂದು ಪುಟ ಬರೆದಿದ್ದೆ: ವಿಚಾರಣೆ ಹಂತದಲ್ಲಿ ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದು. ಅಟೆಂಡರ್ ಬಾಗಿಲಲ್ಲಿ ಹೆಸರು ಕೂಗಿದ. ಎದ್ದೆ. ಕೊರಳಿನ ಬಿಳಿ ಬ್ಯಾಂಡ್ ಒಂದು ಕಡೆ ವಾಲಿತ್ತು. "ಸ್ವಾಮಿ, ಕಾಲಾವಕಾಶ ಬೇಕು" ಅಂದೆ. ನ್ಯಾಯಾಧೀಶರು ಆರ್ಡರ್ ಶೀಟ್ ತಿರುಗಿಸಿದರು, ಇನ್ನೊಂದು ಹಾಳೆ ತಿರುಗಿಸಿದರು, ಕನ್ನಡಕದ ಮೇಲಿನಿಂದ ನೋಡಿದರು.

"ಇದು ಎಷ್ಟನೇ ಸಲ ಗೊತ್ತೇನಮ್ಮ?"

ಗೊತ್ತಿತ್ತು. ಹಿಂದಿನ ರಾತ್ರಿ ಫೈಲ್ ಪೂರ್ತಿ ಓದಿದ್ದೆ. "ಏಳನೇ ಸಲ ಸ್ವಾಮಿ" ಅಂದೆ. ಹಾಲಿನಲ್ಲಿ ಒಂದಿಬ್ಬರು ನಕ್ಕರು. ಐನೂರು ರೂಪಾಯಿ ದಂಡ ಹಾಕಿ ಮುಂದಿನ ತಾರೀಖು ಕೊಟ್ಟರು. ದಂಡ ಯಾರು ಕಟ್ಟಬೇಕು ಅಂತ ಸೀನಿಯರ್ ಹತ್ತಿರ ಅರ್ಧ ಗಂಟೆ ವಾದ ಆಯಿತು.