ಜಾವಾ ಜೆನೆರಿಕ್ಸ್: ವೈಲ್ಡ್‌ಕಾರ್ಡ್ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಇಂಟಿಜರ್ ಕ್ಲಾಸ್ ನಂಬರ್‌ನ ಸಬ್‌ಕ್ಲಾಸ್. ಆದರೂ ಲಿಸ್ಟ್<ನಂಬರ್> ಕೇಳುವ ಮೆಥಡ್‌ಗೆ ಲಿಸ್ಟ್<ಇಂಟಿಜರ್> ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಒಪ್ಪಿದ್ದರೆ ಆ ಮೆಥಡ್ ಲಿಸ್ಟ್‌ಗೆ 3.14 ಸೇರಿಸಿಬಿಡಬಹುದಿತ್ತು, ಅಲ್ಲಿ ಪೂರ್ಣಾಂಕಗಳೇ ಇವೆ ಎಂದು ನಂಬಿದ ಕೋಡ್ ಆಮೇಲೆಲ್ಲೋ ಕೈಕೊಡುತ್ತಿತ್ತು. ಅರೇಗಳಲ್ಲಿ ಈ ತೂತು ಇಂದಿಗೂ ಇದೆ: ಇಂಟಿಜರ್ ಅರೇಯನ್ನು ನಂಬರ್ ಅರೇಯ ವೇರಿಯೇಬಲ್‌ಗೆ ಕೊಟ್ಟು, ಅದರಲ್ಲಿ ಡಬಲ್ ಇಟ್ಟರೆ ಕಂಪೈಲ್ ಆಗುತ್ತದೆ, ರನ್ ಮಾಡುವಾಗ ಅರೇಸ್ಟೋರ್‌ಎಕ್ಸೆಪ್ಷನ್ ಬರುತ್ತದೆ. 2004ರಲ್ಲಿ ಜಾವಾ 5ರೊಂದಿಗೆ ಬಂದ ಜೆನೆರಿಕ್ಸ್, ಅಂದರೆ ಒಳಗಿರುವುದು ಯಾವ ಟೈಪ್ ಎಂದು <> ನಡುವೆ ಹೇಳುವ ವ್ಯವಸ್ಥೆ, ಇಂಥದ್ದನ್ನು ಕಂಪೈಲ್ ಹಂತದಲ್ಲೇ ಹಿಡಿಯುತ್ತದೆ.

ಈ ಬಿಗಿಯನ್ನು ಬೇಕಾದಷ್ಟೇ ಸಡಿಲಿಸುವುದು ವೈಲ್ಡ್‌ಕಾರ್ಡ್‌ನ, ಅಂದರೆ ‘ಯಾವುದೋ ಒಂದು ಟೈಪ್’ ಎನ್ನುವ ? ಗುರುತಿನ ಕೆಲಸ. ಪ್ರತಿ ಪ್ಯಾರಾಮೀಟರ್‌ಗೂ ಒಂದೇ ಪ್ರಶ್ನೆ: ಮೆಥಡ್ ಇದರಿಂದ ತೆಗೆಯುತ್ತದೋ, ಇದಕ್ಕೆ ಹಾಕುತ್ತದೋ?

ತೆಗೆಯುವುದಷ್ಟೇ ಆದರೆ ಲಿಸ್ಟ್<? ಎಕ್ಸ್‌ಟೆಂಡ್ಸ್ ನಂಬರ್> ಎಂದು ಬರೆಯಿರಿ. ಮೊತ್ತ ಲೆಕ್ಕ ಹಾಕುವ ಮೆಥಡ್‌ಗೆ ಆಗ ಇಂಟಿಜರ್ ಲಿಸ್ಟೂ ಸರಿ, ಡಬಲ್ ಲಿಸ್ಟೂ ಸರಿ. ಹೊಸಬರು ಎಡವುವುದು ಇಲ್ಲೇ: ಈ ಲಿಸ್ಟ್‌ಗೆ ನಲ್ ಬಿಟ್ಟು ಏನನ್ನೂ ಆ್ಯಡ್ ಮಾಡಲಾಗದು, ನಂಬರನ್ನೂ ಕೂಡ. ಬಂದಿರುವುದು ಯಾವ ಲಿಸ್ಟ್ ಎಂದು ಕಂಪೈಲರ್‌ಗೆ ಗೊತ್ತಿಲ್ಲವಲ್ಲ. ‘ಕ್ಯಾಪ್ಚರ್ ಆಫ್ ?’ ಎಂಬ ಎರರ್ ಹೇಳುವುದೂ ಅದನ್ನೇ. ಕ್ಯಾಸ್ಟ್ ಮಾಡಿ, ಅಂದರೆ ಬಲವಂತವಾಗಿ ಬೇರೆ ಟೈಪ್ ಹಚ್ಚಿ, ಕಂಪೈಲರ್‌ನ ಬಾಯಿ ಮುಚ್ಚಿಸಬೇಡಿ.

ಹಾಕುವುದಾದರೆ ಲಿಸ್ಟ್<? ಸೂಪರ್ ಇಂಟಿಜರ್>. ಇಂಟಿಜರ್, ನಂಬರ್, ಆಬ್ಜೆಕ್ಟ್ ಲಿಸ್ಟ್‌ಗಳು ಮೂರೂ ಒಳಬರುತ್ತವೆ. ಆದರೆ ಓದಿದರೆ ಸಿಗುವುದು ಬರೀ ಆಬ್ಜೆಕ್ಟ್. ಕಲೆಕ್ಷನ್ಸ್ ಕ್ಲಾಸಿನ ಕಾಪಿ ಮೆಥಡ್‌ನಲ್ಲಿ ಎರಡೂ ಜೊತೆಗಿವೆ: ತುಂಬಿಸುವ ಲಿಸ್ಟ್‌ಗೆ ಸೂಪರ್, ಮೂಲ ಲಿಸ್ಟ್‌ಗೆ ಎಕ್ಸ್‌ಟೆಂಡ್ಸ್.

ಒಂದೇ ಲಿಸ್ಟ್‌ನಿಂದ ತೆಗೆದು ಅದಕ್ಕೇ ಹಾಕುವುದಾದರೆ ವೈಲ್ಡ್‌ಕಾರ್ಡ್ ಬಿಟ್ಟು <ಟಿ> ಎಂಬ ಟೈಪ್ ಪ್ಯಾರಾಮೀಟರ್ ಬಳಸಿ.

ಹೋಲಿಕೆಯ ಮೆಥಡ್‌ಗಳಲ್ಲಿ ಇನ್ನೊಂದು ಸಿಕ್ಕು. <ಟಿ ಎಕ್ಸ್‌ಟೆಂಡ್ಸ್ ಕಂಪೇರಬಲ್<ಟಿ>> ಎಂದು ಬರೆದು ಲಿಸ್ಟ್<ಟಿ> ತೆಗೆದುಕೊಳ್ಳುವ ಮ್ಯಾಕ್ಸ್ ಮೆಥಡ್ ಸ್ಟ್ರಿಂಗ್‌ಗಳಿಗೆ ನಡೆಯುತ್ತದೆ, ಲೋಕಲ್‌ಡೇಟ್‌ಗಳಿಗೆ ನಡೆಯುವುದಿಲ್ಲ. ಕಾರಣ, ಲೋಕಲ್‌ಡೇಟ್‌ಗೆ ಕಂಪೇರಬಲ್ ಬಂದಿರುವುದು ಕ್ರೋನೋಲೋಕಲ್‌ಡೇಟ್ ಇಂಟರ್‌ಫೇಸ್‌ನಿಂದ, ಅದೂ ಕಂಪೇರಬಲ್<ಕ್ರೋನೋಲೋಕಲ್‌ಡೇಟ್> ಆಗಿ. ಒಳಗಿನದನ್ನು ಕಂಪೇರಬಲ್<? ಸೂಪರ್ ಟಿ> ಎಂದು ತಿದ್ದಿದರೆ ಸಾಕು.

ರಿಟರ್ನ್ ಟೈಪ್‌ನಲ್ಲಿ ವೈಲ್ಡ್‌ಕಾರ್ಡ್ ಇಡಬೇಡಿ. ಅದರ ತಲೆನೋವು ಕರೆದವರ ಕೋಡ್‌ಗೆಲ್ಲ ಅಂಟುತ್ತದೆ. ಲಿಸ್ಟ್<ಸ್ಟ್ರಿಂಗ್>ಗೆ ಒಂದು, ಲಿಸ್ಟ್<ಇಂಟಿಜರ್>ಗೆ ಒಂದು ಎಂದು ಒಂದೇ ಹೆಸರಿನ ಎರಡು ಮೆಥಡ್‌ಗಳನ್ನೂ ಬರೆಯಲಾಗದು: ಕಂಪೈಲ್ ಆಗುವಾಗ ಟೈಪ್ ಅಳಿಸಿಹೋಗಿ ಎರಡೂ ಬರೀ ಲಿಸ್ಟ್ ಆಗಿಬಿಡುತ್ತವೆ. ಹೆಸರನ್ನೇ ಬೇರೆ ಇಡಿ.