ಏಲಕ್ಕಿಯ ಪರಿಮಳಕ್ಕೆ ನೂರು ಬಾರ್ ಸಾಕು

ಒತ್ತಡಕ್ಕೊಳಪಡಿಸಿದ ಕಾರ್ಬನ್ ಡೈಆಕ್ಸೈಡಿನಿಂದ ಏಲಕ್ಕಿಯ ಎಣ್ಣೆ ತೆಗೆಯುವ ಯಂತ್ರ ನನ್ನದು; ಅದರ ಒತ್ತಡವನ್ನು ಅಳೆಯುವುದು ಬಾರ್‌ಗಳಲ್ಲಿ. ಏಲಕ್ಕಿ ತರುವ ಬೆಳೆಗಾರರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಮೇಡಂ, ಯಂತ್ರ ಮುನ್ನೂರು ಬಾರ್‌ವರೆಗೆ ಹೋಗುತ್ತದಲ್ಲ, ಏರಿಸಿದರೆ ಇನ್ನಷ್ಟು ಎಣ್ಣೆ ಬರುವುದಿಲ್ಲವೇ?” ಬರುತ್ತದೆ. ಜೊತೆಗೆ ಮೇಣ, ಬೀಜದ ಕೊಬ್ಬು, ಬಣ್ಣ ಎಲ್ಲವೂ ಬರುತ್ತವೆ. ತೂಕ ಬೇಕಾದವರು ಏರಿಸಲಿ; ಪರಿಮಳ ಬೇಕಾದವರಿಗೆ ಈ ಬರಹ.

ಕಾರ್ಬನ್ ಡೈಆಕ್ಸೈಡನ್ನು 31 ಡಿಗ್ರಿ ಸೆಲ್ಸಿಯಸ್ ಮತ್ತು 74 ಬಾರ್ ದಾಟಿಸಿದರೆ ಅದು ಅತ್ತ ಅನಿಲವೂ ಅಲ್ಲ, ಇತ್ತ ದ್ರವವೂ ಅಲ್ಲ. ಅನಿಲದಂತೆ ಬೀಜದೊಳಗೆ ನುಸುಳುತ್ತದೆ, ದ್ರವದಂತೆ ಎಣ್ಣೆಯನ್ನು ಕರಗಿಸಿಕೊಳ್ಳುತ್ತದೆ. 40 ಡಿಗ್ರಿಯಲ್ಲಿ 100 ಬಾರ್‌ಗೆ ಅದರ ಸಾಂದ್ರತೆ ಲೀಟರಿಗೆ ಸುಮಾರು 630 ಗ್ರಾಂ, 300 ಬಾರ್‌ಗೆ ಸುಮಾರು 910. ಸಾಂದ್ರತೆ ಏರಿದಷ್ಟೂ ಅದರ ಹಸಿವು ಏರುತ್ತದೆ, ರುಚಿ ನೋಡದೆ ಎಲ್ಲವನ್ನೂ ನುಂಗುತ್ತದೆ.

ಮೊದಲು ಸಿಪ್ಪೆ ಬಿಡಿಸಿ. ಎಣ್ಣೆ ಇರುವುದು ಬೀಜದಲ್ಲಿ, ಸಿಪ್ಪೆ ಸುಮ್ಮನೆ ಜಾಗ ತಿನ್ನುತ್ತದೆ. ಹಾವೇರಿಯ ಏಲಕ್ಕಿ ಹಾರಕ್ಕೆ ಆಯುವಂಥ ಚೆಲುವಾದ ಕಾಯಿಯೇ ಬೇಕೆಂದಿಲ್ಲ. ಒಳಗಿನ ಬೀಜ ಕಪ್ಪಗೆ ಬಲಿತಿರಬೇಕು, ಅಷ್ಟೇ. ಬಿಳಿಚಿಕೊಂಡ ಎಳೆ ಬೀಜವನ್ನು ಬದಿಗಿಡಿ. ತೇವ ಹತ್ತು ಶೇಕಡಾದ ಆಸುಪಾಸಿನಲ್ಲಿರಲಿ. ಹೆಚ್ಚಿದ್ದರೆ ಎಣ್ಣೆಯೊಂದಿಗೆ ನೀರೂ ಇಳಿದು ಹಾಲಿನಂತೆ ಮಬ್ಬಾಗುತ್ತದೆ.

ಮುಂದಿನದು ಪುಡಿ ಮಾಡುವ ಕೆಲಸ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಮೊದಲ ಸಲ ನಾನು ಬೀಜವನ್ನು ಮಿಕ್ಸಿಯಲ್ಲಿ ಒಂದೇ ಸಮನೆ ನುಣ್ಣಗೆ ಅರೆದೆ. ಕೋಣೆಯೆಲ್ಲ ಘಮಘಮ, ನಾನು ಹಿಗ್ಗಿದೆ. ಆ ಘಮವೆಲ್ಲ ಶೀಶೆಗೆ ಬರಬೇಕಾದದ್ದು ಎಂದು ಹೊಳೆದದ್ದು ಸಂಜೆ, ತೂಕ ನೋಡಿದಾಗ. ಸಾಲದ್ದಕ್ಕೆ ಆ ಹಿಟ್ಟನ್ನು ಯಂತ್ರದ ಪಾತ್ರೆಗೆ ಒತ್ತಿ ತುಂಬಿದ್ದೆ. ಮಾರನೆಯ ದಿನ ಹೊರತೆಗೆದು ಉದ್ದಕ್ಕೆ ಸೀಳಿದರೆ ನಡುವೆ ಬೆರಳು ಗಾತ್ರದ ಒಂದು ಬಿಲ. ಅನಿಲ ಆ ದಾರಿಯಲ್ಲೇ ಹೋಗಿ ಬಂದಿತ್ತು. ಸುತ್ತಲಿನ ಪುಡಿಯನ್ನು ಮುಟ್ಟಿರಲೇ ಇಲ್ಲ.

ಆದ್ದರಿಂದ ಬೀಜವನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಐದೈದು ಸೆಕೆಂಡು ಮಾತ್ರ ತಿರುಗಿಸಿ. ದ್ರವ ಸಾರಜನಕ ಸಿಗುವುದಾದರೆ ಇನ್ನೂ ಒಳ್ಳೆಯದು. ಚಿರೋಟಿ ರವೆಗಿಂತ ತುಸು ದಪ್ಪ, ಅರ್ಧ ಮಿಲಿಮೀಟರಿನಷ್ಟು ತರಿ ಸಾಕು. ಒಂದು ಲೀಟರಿನ ಪಾತ್ರೆಗೆ ನಾನು 400 ಗ್ರಾಂ ಹಾಕಿ, ಒತ್ತದೆ, ಪಾತ್ರೆಯನ್ನು ತಟ್ಟಿ ಕೂರಿಸುತ್ತೇನೆ.

ಪಾತ್ರೆ 40 ಡಿಗ್ರಿಗೆ, ಕಾರ್ಬನ್ ಡೈಆಕ್ಸೈಡನ್ನು ಒಳಗೆ ತಳ್ಳುವ ಪಂಪಿನ ತಲೆ 5 ಡಿಗ್ರಿಗೆ ಬರಲಿ. ಪಂಪು ತಣ್ಣಗಿಲ್ಲದಿದ್ದರೆ ಅದರೊಳಗೆ ದ್ರವದ ಬದಲು ಅನಿಲ ತುಂಬಿಕೊಂಡು ಬರಿದೇ ಓಡುತ್ತದೆ. ನಿಧಾನವಾಗಿ 100 ಬಾರ್‌ಗೆ ಏರಿಸಿ, ಅರ್ಧ ಗಂಟೆ ಹಾಗೇ ನೆನೆಯಲು ಬಿಡಿ. ಬಳಿಕ ಗಂಟೆಗೆ ಎರಡೂವರೆ ಕೆ.ಜಿ. ಹರಿವಿನಲ್ಲಿ ಎರಡು ಎರಡೂವರೆ ಗಂಟೆ. ಒತ್ತಡ ಇಳಿಸುವ ಕವಾಟವನ್ನು ಬಿಸಿಯಾಗಿಡಲು ಮರೆಯಬೇಡಿ: ಅನಿಲ ಅಲ್ಲಿ ಥಟ್ಟನೆ ಹಿಗ್ಗಿ ತಣಿಯುತ್ತದೆ, ಗಟ್ಟಿಯಾಗಿ ಒಣ ಮಂಜುಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. ಕವಾಟದಾಚೆಯ ಸಂಗ್ರಹ ಪಾತ್ರೆ 50 ಬಾರ್, 20 ಡಿಗ್ರಿಯಲ್ಲಿರಲಿ. ಅಲ್ಲಿ ಅನಿಲ ಕೈಬಿಟ್ಟ ಎಣ್ಣೆ ತಳಕ್ಕೆ ಇಳಿಯುತ್ತದೆ.

ಇದನ್ನು ಮನೆಯಲ್ಲಿ ಜೋಡಿಸಲು ಹೋಗಬೇಡಿ. ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವುದು ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡಕ್ಕೆ. ಇಲ್ಲಿರುವುದು ಅದರ ನೂರರಷ್ಟು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲ ಹಿಡಿದು ನಿಲ್ಲುತ್ತದೆ. ಅಳೆಯುವ ಮೀಟರನ್ನು ಮೊಣಕಾಲೆತ್ತರದಲ್ಲಿ ಹಾಕಿಸಿ, ಸೂರಿನಲ್ಲಲ್ಲ.

400 ಗ್ರಾಮಿಗೆ ಇಪ್ಪತ್ತು ಗ್ರಾಂ ದಾಟಿದರೆ ಒಳ್ಳೆಯ ಫಲ. ಒಮ್ಮೆ ಮೂಸಿ ನೋಡಿ. ಏಲಕ್ಕಿ ಎಣ್ಣೆಯ ಎರಡು ಮುಖ್ಯ ಪರಿಮಳದ ಅಂಶಗಳು ಟರ್ಪಿನೈಲ್ ಅಸಿಟೇಟ್ ಮತ್ತು ಸಿನಿಯೋಲ್. ಹಬೆಯಲ್ಲಿ ಬಟ್ಟಿ ಇಳಿಸುವಾಗ ಟರ್ಪಿನೈಲ್ ಅಸಿಟೇಟಿನ ಒಂದು ಪಾಲು ಬಿಸಿನೀರಿಗೆ ಒಡೆದುಹೋಗುತ್ತದೆ. ಇಲ್ಲಿ ಅದು ಉಳಿಯುವುದರಿಂದ, ಸಿನಿಯೋಲಿನ ಮೂಗಿಗೇರುವ ತಂಪಿನ ಹಿಂದೆಯೇ ಹಣ್ಣಿನಂಥ ಸಿಹಿ ಬರುತ್ತದೆ. ಕಂದು ಬಣ್ಣದ ಶೀಶೆಗೆ ತುಂಬಿಸುವ ಮೊದಲು ಸ್ವಲ್ಪವನ್ನು ಗಾಜಿನ ನಳಿಗೆಯಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಓರೆ ಮಾಡಿದಾಗ ಗಾಜಿಗೆ ಬಿಳಿ ಪದರ ಅಂಟಿದ್ದರೆ ಅದು ಮೇಣ. ಮುಂದಿನ ಸಲ ಹತ್ತು ಬಾರ್ ಇಳಿಸಿ.